ಹೊಲಿದದ್ದು ಅಥಣಿ, ಹೆಸರು ಕೊಲ್ಹಾಪುರ

ನಕಲು ಎಂಬ ಮಾತು ಕಿವಿಗೆ ಬಿದ್ದೊಡನೆ ನಾವು ಕಳ್ಳನನ್ನು ಹುಡುಕಲು ಹೊರಡುತ್ತೇವೆ. ಕಳೆದುಕೊಂಡವನು ಯಾರು ಎಂದು ಕೇಳುವುದನ್ನು ಮರೆಯುತ್ತೇವೆ. ಕಳವು ನಡೆದಿದೆ ಎಂದು ಊರೆಲ್ಲ ಕೂಗುತ್ತಿರುವಾಗ, ಯಾರ ಮನೆಯಲ್ಲಿ ಕಳವಾಯಿತೋ ಅವರ ಹೆಸರೇ ದೂರಿನಲ್ಲಿ ಇಲ್ಲದಿದ್ದರೆ ಅದನ್ನು ಏನೆಂದು ಕರೆಯಬೇಕು? 2025ರಲ್ಲಿ ಒಂದು ಜೊತೆ ಚಪ್ಪಲಿಯ ಕುರಿತು ಎದ್ದ ಜಾಗತಿಕ ಗದ್ದಲವನ್ನು ಬೆಳಗಾವಿ ಜಿಲ್ಲೆಯ ವಾಯವ್ಯ ಮೂಲೆಯಲ್ಲಿ ನಿಂತು ನೋಡಿದರೆ ಈ ಪ್ರಶ್ನೆ ನಮ್ಮ ಮುಂದೆ ಬರುತ್ತದೆ.

2025ರ ಜೂನ್ 22ರಂದು ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಹೆಸರಾಂತ ಫ್ಯಾಶನ್ ಕಂಪೆನಿ ಮುಂದಿನ ವರ್ಷದ ಪುರುಷರ ಉಡುಪುಗಳ ಪ್ರದರ್ಶನ ನಡೆಸಿತು. ರೂಪದರ್ಶಿಗಳ ಕಾಲಲ್ಲಿದ್ದದ್ದು ಹೆಬ್ಬೆರಳಿಗೆ ಉಂಗುರದಂತಹ ಪಟ್ಟಿ, ಪಾದದ ಮೇಲೆ ಅಡ್ಡ ಪಟ್ಟಿ, ಹೆಣೆದ ಜಡೆ ಇರುವ ಚಪ್ಪಟೆ ಚಪ್ಪಲಿ. ಕಂಪೆನಿ ಅದನ್ನು ಚರ್ಮದ ಸ್ಯಾಂಡಲ್ ಎಂದಷ್ಟೇ ಕರೆಯಿತು. ನಮ್ಮವರಿಗೆ ಅದರ ಗುರುತು ಹತ್ತಲು ಒಂದು ನಿಮಿಷವೂ ಬೇಕಾಗಲಿಲ್ಲ. ಕೊಲ್ಹಾಪುರಿ ಚಪ್ಪಲಿ! ಜೋಡಿಯ ಬೆಲೆ ಲಕ್ಷ ರೂಪಾಯಿ ದಾಟುತ್ತದೆ ಎಂಬ ಅಂದಾಜು ಹರಡಿ ಗದ್ದಲ ಇನ್ನಷ್ಟು ಏರಿತು. ಮಹಾರಾಷ್ಟ್ರದ ವಾಣಿಜ್ಯ ಮಂಡಳಿ ಕಂಪೆನಿಗೆ ಪತ್ರ ಬರೆಯಿತು. ಕಂಪೆನಿಯ ಸಾಮಾಜಿಕ ಹೊಣೆಗಾರಿಕೆ ವಿಭಾಗದ ಮುಖ್ಯಸ್ಥ ಲೊರೆಂಜೊ ಬೆರ್ಟೆಲ್ಲಿ ಉತ್ತರಿಸಿ, ಆ ಚಪ್ಪಲಿಗೆ ಶತಮಾನಗಳ ಪರಂಪರೆಯಿರುವ ಭಾರತೀಯ ಕರಕುಶಲ ಪಾದರಕ್ಷೆಯೇ ಸ್ಫೂರ್ತಿ ಎಂದು ಒಪ್ಪಿಕೊಂಡರು.

ಮಿಲಾನ್ ಕೊಲ್ಹಾಪುರವನ್ನು ನಕಲು ಮಾಡಿತು ಎಂಬಲ್ಲಿಗೆ ಸುದ್ದಿ ಮುಗಿಯಬೇಕಿತ್ತು. ಆದರೆ ಅದೇ ತಿಂಗಳ ಕೊನೆಗೆ ಕರ್ನಾಟಕದ ಸಚಿವ ಪ್ರಿಯಾಂಕ್ ಖರ್ಗೆ ಇನ್ನೊಂದು ಮಾತು ಎತ್ತಿದರು. ಈ ಚಪ್ಪಲಿಯನ್ನು ತಲೆಮಾರುಗಳಿಂದ ಮಾಡುತ್ತಾ ಬಂದವರಲ್ಲಿ ಬಹಳ ಮಂದಿ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಮತ್ತು ಬೆಳಗಾವಿ, ಬಾಗಲಕೋಟೆ, ಧಾರವಾಡ ಜಿಲ್ಲೆಗಳ ಇತರ ಭಾಗದವರು. ಅವರು ತಮ್ಮ ಸರಕನ್ನು ಕೊಲ್ಹಾಪುರದ ಪೇಟೆಯಲ್ಲಿ ಮಾರಿದ್ದರಿಂದ ಪೇಟೆಯ ಹೆಸರೇ ಚಪ್ಪಲಿಗೆ ಅಂಟಿತು ಎಂಬುದು ಅವರ ಮಾತಿನ ಸಾರ. ಮಿಲಾನ್ ಹೆಸರು ಹೇಳದೆ ಚಪ್ಪಲಿ ತೆಗೆದುಕೊಂಡಿತು ಎಂದು ಕೊಲ್ಹಾಪುರ ದೂರಿದರೆ, ಅಥಣಿಯ ಚಪ್ಪಲಿಗೆ ಕೊಲ್ಹಾಪುರದ ಹೆಸರೇಕೆ ಎಂದು ಅಥಣಿಯ ಪರವಾಗಿ ಯಾರಾದರೂ ಕೇಳಬಹುದಲ್ಲ! ಈ ಎರಡನೆಯ ಪ್ರಶ್ನೆಗೆ ಉತ್ತರ ಬೇಕಾದರೆ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಆಯದ ಕಾಲ

ಈ ಭಾಗದ ಹಳ್ಳಿಗಳಲ್ಲಿ ಚಪ್ಪಲಿಗೆ ಕಾಲ್ಮರಿ ಎಂಬ ಹೆಸರಿದೆ. ಕಾಲ್ಮರಿ ಹೊಲಿಯುವವರು ಸಮಗಾರರು, ಚರ್ಮ ಹದ ಮಾಡುವವರು ಡೋರರು. ಹಸಿ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆದು, ಜಾಲಿ ಮರದ ಚಕ್ಕೆ ಮತ್ತು ಅಳಲೆಕಾಯಿಯ ಒಗರಿನಲ್ಲಿ ವಾರಗಟ್ಟಲೆ ಹದಗೊಳಿಸಬೇಕು. ಚರ್ಮವನ್ನೇ ಚೀಲದಂತೆ ಹೊಲಿದು, ಒಳಗೆ ಒಗರು ನೀರು ತುಂಬಿ ತೂಗುಹಾಕುವುದು ಹಳೆಯ ಪದ್ಧತಿ. ಅಟ್ಟೆಗೆ ಎಮ್ಮೆ-ಕೋಣದ ದಪ್ಪ ಚರ್ಮ, ಜಡೆಗೆ ಆಡಿನ ತೆಳು ಚರ್ಮ. ಅಟ್ಟೆಯ ಪದರಗಳನ್ನು ಜೋಡಿಸುವುದು ಮೊಳೆಯಿಂದಲ್ಲ, ಚರ್ಮದ ದಾರದಿಂದ. ಕತ್ತರಿಸುವುದು, ಅಟ್ಟೆ ಬಡಿಯುವುದು ಹೆಚ್ಚಾಗಿ ಗಂಡಸರ ಕೆಲಸ. ಜಡೆ ಹೆಣೆಯುವುದು, ಪಟ್ಟಿಯ ಕುಸುರಿ ಹೆಂಗಸರದು.

ಆಗ ಮಾದರಿಗಳಿಗೆ ಒಡೆಯರಿರಲಿಲ್ಲ. ಕಾಪಶಿ ಮುಂತಾದ ಮಾದರಿಗಳಿಗೆ ಇರುವುದು ಹಳ್ಳಿಗಳ ಹೆಸರು, ವ್ಯಕ್ತಿಗಳದ್ದಲ್ಲ. ಒಬ್ಬನ ಕೈಯ ಜಡೆಯನ್ನು ಇನ್ನೊಬ್ಬಳು ನೋಡಿ ಕಲಿತರೆ ಅದನ್ನು ನಕಲು ಎಂದು ಯಾರೂ ಕರೆಯುತ್ತಿರಲಿಲ್ಲ, ಕಲಿಕೆ ಎನ್ನುತ್ತಿದ್ದರು. ಇದಕ್ಕೆ ಕಾರಣ ಆ ಜನರ ಔದಾರ್ಯವೊಂದೇ ಅಲ್ಲ. ಹಳ್ಳಿಯ ಚಮ್ಮಾರನಿಗೂ ರೈತನಿಗೂ ಆಯದ ಸಂಬಂಧವಿತ್ತು. ವರ್ಷವಿಡೀ ಕಾಲ್ಮರಿ, ಮಿಣಿ, ಬಾರುಕೋಲು, ನೀರೆತ್ತುವ ಕಪಿಲೆಯ ತೊಗಲು ಒದಗಿಸಿದವನಿಗೆ ಸುಗ್ಗಿಯಲ್ಲಿ ಕಣದಿಂದ ಇಷ್ಟು ಧಾನ್ಯ ಎಂಬ ಕಟ್ಟು. ತನ್ನ ಕಾಲ್ಮರಿಯನ್ನು ಯಾರು ಹೊಲಿದರೆಂಬುದು ತೊಟ್ಟವನಿಗೆ ಗೊತ್ತಿತ್ತು. ಗೊತ್ತಿದ್ದ ಕಡೆ ನಕಲಿಗೆ ಬೆಲೆಯಿಲ್ಲ.

ಈ ವ್ಯವಸ್ಥೆಯನ್ನು ನಾವು ಚಿನ್ನದ ಕಾಲವೆಂದು ಹಾಡಿ ಹೊಗಳಬೇಕಾಗಿಲ್ಲ. ಕಾಲ್ಮರಿ ಬೇಕು, ಹೊಲಿದವನು ಮನೆಯ ಹೊಸ್ತಿಲು ದಾಟಬಾರದು ಎಂಬುದು ಆ ಕಟ್ಟಿನ ಇನ್ನೊಂದು ಮುಖ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ಬಸವಣ್ಣನವರಿಗೆ ಅರ್ಪಿಸಿದರೆಂಬ ಐತಿಹ್ಯ ಕನ್ನಡ ನಾಡಿನ ಎಲ್ಲ ಮನೆಗಳಿಗೂ ಗೊತ್ತು. ಅದೇ ಹರಳಯ್ಯನ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸನ ಮಗಳನ್ನು ತಂದಾಗ ಹರಳಯ್ಯ ಮತ್ತು ಮಧುವರಸರಿಗೆ ಘೋರ ಶಿಕ್ಷೆಯಾಯಿತೆಂಬುದೂ ಗೊತ್ತು. ಚಪ್ಪಲಿಯನ್ನು ತಲೆಯ ಮೇಲೆ ಹೊತ್ತುಕೊಂಡ ಕಥೆಯನ್ನು ಉಳಿಸಿಕೊಂಡ ಸಮಾಜ ಚಪ್ಪಲಿ ಮಾಡಿದವನನ್ನು ಕೆಳಗೇ ಇಟ್ಟಿತು. 1925ರ ಏಪ್ರಿಲ್‌ನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ ಕಾಲಕ್ಕೂ ಪರಿಸ್ಥಿತಿ ಬಹಳ ಬದಲಾಗಿರಲಿಲ್ಲ. ಹೊಲಿದವನ ಹೆಸರು ಚಪ್ಪಲಿಯ ಮೇಲೆ ಬರದೇ ಹೋದದ್ದಕ್ಕೆ ವ್ಯಾಪಾರ ಮಾತ್ರವಲ್ಲ, ಜಾತಿಯೂ ಕಾರಣವೆಂಬುದನ್ನು ಈ ಚರ್ಚೆಯಲ್ಲಿ ನಾವು ಮರೆಯುವಂತಿಲ್ಲ.

ಪೇಟೆ ಕೊಟ್ಟ ಹೆಸರು

ಕೊಲ್ಹಾಪುರದ ಶಾಹು ಮಹಾರಾಜರು 1894ರಿಂದ 1922ರವರೆಗೆ ಆಳಿದರು. ತಮ್ಮ ಸಂಸ್ಥಾನದ ಉದ್ಯೋಗಗಳಲ್ಲಿ ಹಿಂದುಳಿದವರಿಗೆ 1902ರಲ್ಲಿಯೇ ಶೇ. 50 ಮೀಸಲಾತಿ ಕೊಟ್ಟ ಅವರು ಚರ್ಮ ಹದಗೊಳಿಸುವ ಕಸುಬಿಗೂ ಚಪ್ಪಲಿ ತಯಾರಿಗೂ ಪ್ರೋತ್ಸಾಹ ನೀಡಿದರು. ಕೊಲ್ಹಾಪುರಿ ಎಂಬ ಹೆಸರು ದೂರದ ಊರುಗಳಿಗೆ ಹಬ್ಬುವುದರಲ್ಲಿ ಆ ರಾಜಾಶ್ರಯದ ಪಾಲಿದೆ. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಆದರೆ ಆಗಿನ ಗಡಿಗಳು ಇಂದಿನವಲ್ಲ. ರಾಯಬಾಗ 1949ರಲ್ಲಿ ಸಂಸ್ಥಾನ ವಿಲೀನವಾಗುವವರೆಗೆ ಕೊಲ್ಹಾಪುರದ ಆಡಳಿತಕ್ಕೇ ಸೇರಿತ್ತು. ಚಿಕ್ಕೋಡಿ, ಅಥಣಿಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿಲೋಮೀಟರ್, ಒಂದೇ ಹೆದ್ದಾರಿ. ಕಾಗವಾಡದವರಿಗೆ ಮಿರಜ್, ಸಾಂಗಲಿ ನೆರೆಮನೆಯಿದ್ದಂತೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಬಜಾರಿನಲ್ಲಿ ದಖನಿ ಉರ್ದು ಆಡುವ ಜನರಿಗೆ ದೊಡ್ಡ ಪೇಟೆ ಎಲ್ಲಿದೆಯೋ ಅಲ್ಲಿಗೆ ಸರಕು ಒಯ್ಯುವುದು ಸಹಜವೇ ಆಗಿತ್ತು. ವ್ಯಾಪಾರಿ ಅಥಣಿಯ ಜೋಡಿಯನ್ನೂ ಕಾಪಶಿಯ ಜೋಡಿಯನ್ನೂ ಒಂದೇ ಅಂಗಡಿಯಲ್ಲಿ ತೂಗುಹಾಕಿದ. ಮುಂಬಯಿಯ, ಪುಣೆಯ ಗಿರಾಕಿಗೆ ಅದು ಕೊಲ್ಹಾಪುರಿಯಾಯಿತು. 1960-70ರ ದಶಕಗಳಲ್ಲಿ ಹಿಪ್ಪಿಗಳು ಇದೇ ಚಪ್ಪಲಿ ತೊಟ್ಟು ಅಮೆರಿಕ, ಯುರೋಪುಗಳಲ್ಲಿ ತಿರುಗಿದಾಗ ಹೆಸರು ಕಡಲು ದಾಟಿತು. ಹೊಲಿದವರ ಊರು ಈಚೆಯೇ ಉಳಿಯಿತು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಈ ತಾಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಆಯದ ಧಾನ್ಯ ಆಗಲೇ ಹೋಗಿತ್ತು, ವ್ಯಾಪಾರಿಯ ಮುಂಗಡ ಬಂದಿತ್ತು. ಮುಂಗಡ ಕೊಟ್ಟವನು ಮಾದರಿ ಹೇಳುತ್ತಾನೆ, ದರವನ್ನೂ ಹೇಳುತ್ತಾನೆ. ಹೊಸ ಜಡೆ, ಹೊಸ ಪಟ್ಟಿ ಯೋಚಿಸಿದವನಿಗೆ ಅದರ ಲಾಭ ಒಂದು ಋತುವಿನದ್ದೂ ಅಲ್ಲ. ಮುಂದಿನ ವಾರ ಅದೇ ಮಾದರಿಯನ್ನು ಕಡಿಮೆ ದರಕ್ಕೆ ಇನ್ನೊಂದು ಮನೆಯಲ್ಲಿ ಮಾಡಿಸಿಕೊಳ್ಳಲು ವ್ಯಾಪಾರಿಗೆ ತಡೆಯೇನಿದೆ? ಒಂದು ಕಾಲಕ್ಕೆ ಕಲಿಕೆಯಾಗಿದ್ದದ್ದು ಹೀಗೆ ಪೈಪೋಟಿಯಾಗಿ, ನೆರೆಯವನನ್ನೇ ಕಡಿಮೆ ದರಕ್ಕೆ ಇಳಿಸುವ ಸಾಧನವಾಯಿತು.

ಅಥಣಿಯಲ್ಲಿ ಇದನ್ನು ತಿದ್ದುವ ಒಂದು ಪ್ರಯತ್ನ 1990ರ ದಶಕದ ಕೊನೆಯಲ್ಲಿ ನಡೆಯಿತು. ಬೆಂಗಳೂರಿನ ಅಸೆಂಟ್ ಸಂಸ್ಥೆಯ ಮಧುರಾ ಛತ್ರಪತಿ ಮತ್ತವರ ಸಂಗಡಿಗರು ರಾಷ್ಟ್ರೀಯ ಚರ್ಮ ಅಭಿವೃದ್ಧಿ ಕಾರ್ಯಕ್ರಮದ ನೆರವಿನೊಂದಿಗೆ ಅಲ್ಲಿನ ಕುಟುಂಬಗಳನ್ನು ಸ್ವಸಹಾಯ ಗುಂಪುಗಳಾಗಿ ಕೂಡಿಸಿದರು. ಟೋಹೋಲ್ಡ್ ಎಂಬ ಸ್ವಂತ ಹೆಸರಿನಲ್ಲಿ ಚಪ್ಪಲಿಗಳು ಹೊರದೇಶಗಳಿಗೆ ಹೋದವು. ಮನೆಯ ಮೂಲೆಯಲ್ಲಿ ಜಡೆ ಹೆಣೆಯುತ್ತಿದ್ದ ಹೆಂಗಸರು ಲೆಕ್ಕದ ಪುಸ್ತಕದೊಳಗೆ ಬಂದರು. ಕೊಲ್ಹಾಪುರದ ಹೆಸರಿಲ್ಲದೆಯೂ ಅಥಣಿಯ ಕೈಗೆ ಗಿರಾಕಿ ಸಿಗುತ್ತಾನೆ ಎಂಬುದನ್ನು ಆ ಪ್ರಯತ್ನ ತೋರಿಸಿಕೊಟ್ಟಿತು.

ಕಾನೂನು ಕಾಯುವುದು ಏನನ್ನು?

ಇನ್ನು ಕಾನೂನಿನ ಕಡೆಗೆ ಬರೋಣ. ನಮ್ಮ 2000ದ ವಿನ್ಯಾಸ ಕಾಯ್ದೆ ಹೊಸ ವಿನ್ಯಾಸಕ್ಕೆ ಮಾತ್ರ ರಕ್ಷಣೆ ಕೊಡುತ್ತದೆ, ಅದೂ ಹೆಚ್ಚೆಂದರೆ 15 ವರ್ಷ. ನೂರಾರು ವರ್ಷಗಳಿಂದ ಎಲ್ಲರ ಕಣ್ಣ ಮುಂದಿರುವ ಚಪ್ಪಲಿಯ ಆಕಾರ ಹೊಸತಲ್ಲ. ಆದ್ದರಿಂದ ಅದನ್ನು ಯಾರೂ ತನ್ನದೆಂದು ದಾಖಲಿಸುವಂತಿಲ್ಲ. ಅರಿಶಿನದ ಗಾಯ ಮಾಯಿಸುವ ಗುಣಕ್ಕೆ 1995ರಲ್ಲಿ ಅಮೆರಿಕದಲ್ಲಿ ಕೊಟ್ಟ ಪೇಟೆಂಟ್ 1997ರಲ್ಲಿ ರದ್ದಾದದ್ದು ಅದು ಹಳೆಯ ಜ್ಞಾನವೆಂದು ಭಾರತ ತೋರಿಸಿಕೊಟ್ಟದ್ದರಿಂದ. ಹಳೆಯದೆಂಬ ವಾದ ಅಲ್ಲಿ ನಮ್ಮನ್ನು ಕಾಪಾಡಿತು. ಚಪ್ಪಲಿಯ ವಿಷಯದಲ್ಲಿ ಅದೇ ವಾದ ನಮಗೆ ತಿರುಗುಬಾಣ. ಹಳೆಯದು ಯಾರೊಬ್ಬರದೂ ಅಲ್ಲ, ಆದ್ದರಿಂದ ಎಲ್ಲರದು, ಆದ್ದರಿಂದ ಮಿಲಾನಿನದೂ ಹೌದು!

ಉಳಿದದ್ದು ಭೌಗೋಳಿಕ ಸೂಚಕ. ಇದರ ಕಾಯ್ದೆ 1999ರದ್ದು, ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್‌ನಲ್ಲಿ. ಕೊಲ್ಹಾಪುರಿ ಚಪ್ಪಲಿಗೆ ಈ ಮುದ್ರೆ ಸಿಗುವಾಗ ಎರಡು ರಾಜ್ಯಗಳ ನಡುವೆ ಎಳೆದಾಟವೇ ನಡೆಯಿತು. ಹಕ್ಕು ತನಗೊಬ್ಬನಿಗೇ ಬೇಕೆಂದು ಮಹಾರಾಷ್ಟ್ರ ಪಟ್ಟು ಹಿಡಿದಿತ್ತೆಂದೂ, ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮವಾದ ಲಿಡ್ಕರ್ ಮೂಲಕ ಕರ್ನಾಟಕ ಅದನ್ನು ಪ್ರಶ್ನಿಸಿತೆಂದೂ ಖರ್ಗೆ ಹೇಳಿದ್ದಾರೆ. ಕೊನೆಗೆ 2019ರಲ್ಲಿ ಮುದ್ರೆ ಜಂಟಿಯಾಗಿ ಪ್ರಕಟವಾಯಿತು. ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ಅತ್ತ. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಇತ್ತ. ಗಡಿಯ ವಿಷಯದಲ್ಲಿ 1956ರಿಂದ ಜಗಳವಾಡುತ್ತಾ, 2004ರಿಂದ ಸುಪ್ರೀಂ ಕೋರ್ಟಿನಲ್ಲಿ ಎದುರುಬದುರು ನಿಂತಿರುವ ಎರಡು ರಾಜ್ಯಗಳು ಒಂದು ಜೊತೆ ಚಪ್ಪಲಿಯಲ್ಲಿ ಎಡ ಬಲಗಳಂತೆ ಕೂಡಿಕೊಂಡವು. ಇದು ಸಣ್ಣ ಸಂಗತಿಯಲ್ಲ.

ಆದರೂ ಈ ಮುದ್ರೆ ಕಾಯುವುದು ಹೆಸರನ್ನು, ಆಕಾರವನ್ನಲ್ಲ ಎಂಬುದು ನೆನಪಿರಲಿ. ಕೊಲ್ಹಾಪುರಿ ಎಂದು ಬರೆದು ಬೇರೆ ಊರಿನ ಚಪ್ಪಲಿ ಮಾರಿದರೆ ಅದು ಅಪರಾಧ. ಬರೆಯದೆ ಅದೇ ಆಕಾರ ಮಾರಿದರೆ ಈ ಕಾಯ್ದೆಯ ಬಲೆ ಬಹುಮಟ್ಟಿಗೆ ಬರಿದು. ಮಿಲಾನಿನಲ್ಲಿ ಹೆಸರು ಹೇಳದಿದ್ದದ್ದನ್ನು ನಾವು ಅವಮಾನವೆಂದು ಕೂಗಿದೆವು. ಕಾನೂನಿನ ಕಣ್ಣಿಗೆ ಆ ಮೌನವೇ ಅವರ ಗುರಾಣಿ. ಮೇಲಾಗಿ ಭಾರತದ ಮುದ್ರೆ ಭಾರತದೊಳಗಷ್ಟೇ ನಡೆಯುತ್ತದೆ. ಕರಕುಶಲ ವಸ್ತುಗಳಿಗೆ ಇಂಥ ರಕ್ಷಣೆ ಕೊಡುವ ಯುರೋಪಿಯನ್ ಒಕ್ಕೂಟದ ನಿಯಮ ಅನ್ವಯಕ್ಕೆ ಬಂದದ್ದು 2025ರ ಡಿಸೆಂಬರ್ 1ರಂದು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಪ್ರಾಡಾ ವಿರುದ್ಧ ಕೆಲವು ವಕೀಲರು ಬಾಂಬೆ ಹೈಕೋರ್ಟಿಗೆ ಹೋದರು. 2025ರ ಜುಲೈಯಲ್ಲಿ ನ್ಯಾಯಾಲಯ ಆ ಅರ್ಜಿಯನ್ನು ವಜಾ ಮಾಡಿತು. ಮುದ್ರೆಯ ನೋಂದಾಯಿತ ಒಡೆಯರು ನೀವಲ್ಲ, ಒಡೆಯರು ಬರಲಿ ಎಂಬುದು ನ್ಯಾಯಾಲಯದ ನಿಲುವು. ಒಡೆಯರು ಯಾರು? ಮಹಾರಾಷ್ಟ್ರದ ಲಿಡ್ಕಾಂ, ಕರ್ನಾಟಕದ ಲಿಡ್ಕರ್. ಎರಡೂ ಸರ್ಕಾರಿ ನಿಗಮಗಳು. ಕಾಯ್ದೆಯ ಪ್ರಕಾರ ತಯಾರಕರು ಅಧಿಕೃತ ಬಳಕೆದಾರರೆಂದು ತಮ್ಮ ಹೆಸರು ನೋಂದಾಯಿಸಿಕೊಳ್ಳಬಹುದು. ಗಮನಿಸಿ: ಹೊಲಿಯುವವನು ಬಳಕೆದಾರ, ನಿಗಮ ಒಡೆಯ. ತಲೆಮಾರುಗಳ ಕಸುಬಿನ ಕೊನೆಗೆ ಅವನಿಗೆ ದಕ್ಕಿದ ಪದ ಬಳಕೆದಾರ ಎಂಬುದು!

ಮನೆಯೊಳಗಿನ ನಕಲು

ಮಿಲಾನಿನ ಗದ್ದಲದಲ್ಲಿ ನಾವು ಸುಲಭವಾಗಿ ಮರೆತದ್ದು ನಮ್ಮದೇ ಬಜಾರುಗಳನ್ನು. ರೆಕ್ಸಿನ್ ಮತ್ತು ರಬ್ಬರಿನ ಅಟ್ಟೆಗೆ ಯಂತ್ರದಲ್ಲಿ ಹೊಲಿದ, ಚರ್ಮದ ವಾಸನೆಯೂ ಇಲ್ಲದ ಜೋಡಿಗಳು ಕೊಲ್ಹಾಪುರಿ ಎಂಬ ಹೆಸರಿನಲ್ಲಿಯೇ ದೇಶದ ಪೇಟೆಗಳಲ್ಲಿ ಬಿಕರಿಯಾಗುತ್ತವೆ. ಇದು ಹೆಸರಿನ ನಕಲು; ಕಾಯ್ದೆಯ ಬಲೆಗೆ ಸರಿಯಾಗಿ ಬೀಳುವ ನಕಲು. ಆದರೆ ಇದರ ವಿರುದ್ಧ ಯಾವ ಮೆರವಣಿಗೆಯೂ ಹೊರಡಲಿಲ್ಲ. ಕೈಮಗ್ಗದ ನೇಕಾರರಿಗೆ 1985ರ ಕಾಯ್ದೆಯೊಂದಿದೆ. ಕೆಲವು ಬಗೆಯ ಬಟ್ಟೆಗಳನ್ನು ವಿದ್ಯುತ್ ಮಗ್ಗದಲ್ಲಿ ನೇಯುವಂತಿಲ್ಲ ಎಂದು ಅದು ಹೇಳುತ್ತದೆ. ಅದರ ಪಾಲನೆ ಹೇಗಿದೆ ಎಂಬುದು ಬೇರೆ ಮಾತು. ಕೈಯಿಂದ ಹೊಲಿದ ಚಪ್ಪಲಿಗೆ ಅಂಥ ಕಾಯ್ದೆಯೂ ಇಲ್ಲ.

ಇನ್ನೊಂದೆಡೆ ಅಸಲಿ ಚರ್ಮವೇ ದುರ್ಲಭವಾಗುತ್ತಿದೆ. ರೈತನ ಕೊಟ್ಟಿಗೆಯಿಂದ ಹೊರಟ ಜಾನುವಾರು ಕಸಾಯಿಯ, ಚರ್ಮದ ವ್ಯಾಪಾರಿಯ, ಡೋರನ ಕೈ ದಾಟಿ ಸಮಗಾರನ ಕೈಗೆ ಬರುವ ಹಾದಿಯಲ್ಲಿ ಹಲವು ಜಾತಿ ಮತಗಳ ಅನ್ನವಿದೆ. ಎತ್ತು, ಹೋರಿಗಳ ವಧೆಯನ್ನೂ ನಿಷೇಧಿಸಿದ ಮಹಾರಾಷ್ಟ್ರದ 2015ರ ಕಾನೂನು, ಕರ್ನಾಟಕದಲ್ಲಿ 2021ರಲ್ಲಿ ಜಾರಿಗೆ ಬಂದ ಕಾನೂನು ಈ ಹಾದಿಯನ್ನು ಇಕ್ಕಟ್ಟಾಗಿಸಿದವು. ಅಸಲಿಯ ದಾರಿ ಮುಚ್ಚಿದಷ್ಟೂ ನಕಲಿಯ ದಾರಿ ಅಗಲವಾಗುತ್ತದೆ.

ನೆರೆಹೊರೆಯ ಪಾಠಗಳು

ಇಂಥ ಜಗಳ ನಮ್ಮೊಬ್ಬರದ್ದೇ ಅಲ್ಲ. 2014ರಲ್ಲಿ ಬ್ರಿಟನ್ನಿನ ವಿನ್ಯಾಸಕಾರ ಪಾಲ್ ಸ್ಮಿತ್ ಪಾಕಿಸ್ತಾನದ ಪೇಶಾವರಿ ಚಪ್ಪಲಿಯನ್ನೇ ಹೋಲುವ ಜೋಡಿಯನ್ನು ರಾಬರ್ಟ್ ಎಂಬ ಹೆಸರಿನಲ್ಲಿ 300 ಪೌಂಡಿಗೆ ಮಾರಾಟಕ್ಕಿಟ್ಟರು. ಪಠಾಣರ ಕಾಲ್ಮರಿ ರಾಬರ್ಟನಾದದ್ದನ್ನು ಕಂಡು ಜನ ಪ್ರತಿಭಟಿಸಿದಾಗ, ಪೇಶಾವರಿ ಚಪ್ಪಲಿಯಿಂದ ಪ್ರೇರಿತ ಎಂಬ ಮಾತು ವಿವರಣೆಗೆ ಸೇರಿತು. ಬದಲಾದದ್ದು ಒಂದು ಸಾಲು.

ಪ್ರಾಡಾದ ಗದ್ದಲ ನಡೆದ ವರ್ಷವೇ, 2025ರ ಆಗಸ್ಟಿನಲ್ಲಿ, ಮೆಕ್ಸಿಕೊದ ಓಹಾಕ ಪ್ರಾಂತ್ಯದ ಯಲಾಲಗ್ ಎಂಬ ಊರಿನ ಹೆಣೆದ ಚಪ್ಪಲಿಯನ್ನು ಹೋಲುವ ಪಾದರಕ್ಷೆಗಾಗಿ ಅಡಿಡಾಸ್ ಕಂಪೆನಿ ಕ್ಷಮೆ ಕೇಳಬೇಕಾಯಿತು. ಕಂಪೆನಿಯ ಪ್ರತಿನಿಧಿಗಳು ಆ ಊರಿಗೇ ಹೋಗಿ, ಊರ ಜನರ ಎದುರು ಕ್ಷಮೆ ಕೇಳಿದರು. ಮೂಲನಿವಾಸಿ ಸಮುದಾಯಗಳ ಕಲೆ, ಮಾದರಿಗಳ ಒಡೆತನ ಆ ಸಮುದಾಯಗಳದ್ದೇ ಎಂದು ಹೇಳುವ ಕಾನೂನನ್ನು ಮೆಕ್ಸಿಕೊ 2022ರಲ್ಲಿ ಮಾಡಿಕೊಂಡಿತ್ತು. ಒಡೆಯ ಯಾರೆಂದು ಗೊತ್ತಿರುವ ಕಡೆ ಕ್ಷಮೆ ಕೇಳುವವನಿಗೂ ಹೋಗಬೇಕಾದ ಊರು ಯಾವುದೆಂದು ಗೊತ್ತಿರುತ್ತದೆ.

ನಮ್ಮಲ್ಲಿ ಏನಾಯಿತು? 2025ರ ಜುಲೈಯಲ್ಲಿ ಪ್ರಾಡಾ ತಂಡ ಕೊಲ್ಹಾಪುರಕ್ಕೆ ಬಂದುಹೋಯಿತು. ಡಿಸೆಂಬರ್ 11ರಂದು ಮುಂಬಯಿಯಲ್ಲಿ ಲಿಡ್ಕಾಂ ಮತ್ತು ಲಿಡ್ಕರ್‌ಗಳೊಂದಿಗೆ ಒಪ್ಪಂದ ನಡೆಯಿತು. ಸುಮಾರು 800 ಯೂರೋ, ಅಂದರೆ ಎಂಬತ್ತು ಸಾವಿರ ರೂಪಾಯಿಗೂ ಮೀರಿದ ಬೆಲೆಯ 2000 ಜೋಡಿಗಳನ್ನು ಮಹಾರಾಷ್ಟ್ರ ಮತ್ತು ಕರ್ನಾಟಕಗಳಲ್ಲಿಯೇ ಮಾಡಿಸುವುದು, ಕುಶಲಕರ್ಮಿಗಳಿಗೆ ತರಬೇತಿ ಕೊಡುವುದು ಅದರ ಮುಖ್ಯಾಂಶ. ಇದು ಗೆಲುವೇ. ಹೆಸರು ಹೇಳದವರು ಹೆಸರು ಹೇಳುವಂತಾಯಿತು, ಕರ್ನಾಟಕದ ಪಾಲೂ ಕಾಗದದ ಮೇಲೆ ಬಂದಿತು. ಆದರೆ ಎಂಬತ್ತು ಸಾವಿರದಲ್ಲಿ ಜಡೆ ಹೆಣೆದ ಹೆಣ್ಣುಮಗಳ ಕೈಗೆ ಬರುವುದೆಷ್ಟು ಎಂಬುದೇ ಈ ಗೆಲುವಿನ ಅಳತೆಗೋಲು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತೆಂಬ ಗಾದೆಯಲ್ಲಿ ಹಾವು ಪರದೇಶದ್ದೇ ಆಗಬೇಕೆಂದೇನೂ ಇಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಅಥಣಿಯ ಚಪ್ಪಲಿಗೆ ಬೇರೆ ಹೆಸರು ಕೊಟ್ಟು ಕೊಲ್ಹಾಪುರದೊಂದಿಗೆ ಹೊಸ ಗಡಿ ಜಗಳ ಹೂಡುವುದರಿಂದ ಯಾರ ಹೊಟ್ಟೆಯೂ ತುಂಬದು. ಹೆಸರು ಕೊಲ್ಹಾಪುರಿಯೇ ಇರಲಿ, ಅದು ನೂರು ವರ್ಷ ದುಡಿದ ಹೆಸರು. ಆದರೆ ಆ ಹೆಸರಿನ ಕೆಳಗೆ ಹೊಲಿದವರ ಊರು, ಹೊಲಿದವರ ಗುರುತು ಇರಬೇಕು. ಮೊಬೈಲಿನಿಂದ ಓದಬಹುದಾದ ಕ್ಯೂಆರ್ ಚೀಟಿಯಲ್ಲಿ ಕುಶಲಕರ್ಮಿ ಅಥವಾ ಘಟಕದ ಹೆಸರು, ಜಿಲ್ಲೆ, ಚರ್ಮದ ವಿವರ ಕೊಡುವ ಏರ್ಪಾಡನ್ನು ಲಿಡ್ಕಾಂ 2025ರಲ್ಲಿಯೇ ಪ್ರಕಟಿಸಿತು. ನಿಪ್ಪಾಣಿಯ, ರಾಯಬಾಗದ, ಕಾಗವಾಡದ ಪ್ರತಿಯೊಂದು ಜೋಡಿಗೂ ಅಂಥ ಚೀಟಿ ಬರಲಿ. ಸಮಗಾರರ ಮನೆಮನೆಗೆ ಹೋಗಿ ಅಧಿಕೃತ ಬಳಕೆದಾರರ ನೋಂದಣಿ ಮಾಡಿಸುವುದು ನಿಗಮದ ಕೆಲಸವಾಗಲಿ, ಜಡೆ ಹೆಣೆಯುವವಳ ಹೆಸರು ಗಂಡನ ಹೆಸರಿನ ಹಿಂದೆ ಅಡಗದಿರಲಿ. ಪೇಟೆಯಲ್ಲಿ ಕೊಲ್ಹಾಪುರಿ ಕೇಳುವಾಗ ಇದು ಯಾವ ಊರಿನದು, ಯಾರು ಹೊಲಿದದ್ದು ಎಂದು ಕೇಳುವುದು ಗಿರಾಕಿಗಳಾದ ನಮ್ಮ ಪಾಲಿನ ಕೆಲಸ. ಆಯದ ಕಾಲದ ಅವಮಾನ ಮರಳಿ ಬರಬಾರದು. ಆದರೆ ತೊಟ್ಟವನಿಗೆ ಹೊಲಿದವನ ಗುರುತಿದ್ದ ಆ ಒಂದು ಗುಣವನ್ನಾದರೂ ನಾವು ಮರಳಿ ತರಬಹುದು.